ಗುಂಡಿಯ ಅನಧಿಕೃತ ನಡಿಗೆ

ಮನುಷ್ಯನು ಮೊದಲು ನಗಬೇಕು, ಅನಂತರ ಕತ್ತು ನಿಲ್ಲಿಸಬೇಕು, ಆಮೇಲೆ ಬೋರಲು ಬೀಳಬೇಕು, ಕೂರಬೇಕು, ಅಂಬೆಗಾಲಿಡಬೇಕು, ಕೊನೆಗೆ ನಡೆಯಬೇಕು. ಈ ಅನುಕ್ರಮವನ್ನು ಮೀರಿ ಬೆಳೆಯುವುದು ಕಾನೂನುಬಾಹಿರವಾಗಿದೆ. ಇದನ್ನು ಜನ ಬಹುಕಾಲ ಪ್ರಕೃತಿಯ ನಿಯಮವೆಂದು ತಪ್ಪಾಗಿ ತಿಳಿದಿದ್ದರು. ಶಿಶು ಪ್ರಗತಿ ಇಲಾಖೆ ಸ್ಥಾಪನೆಯಾದ ಮೇಲೆ ಆ ತಪ್ಪು ತಿಳಿವಳಿಕೆ ದೂರವಾಯಿತು.

ಇಲಾಖೆ ಬರುವ ಮುಂಚೆ ಮಕ್ಕಳು ಮನಬಂದಂತೆ ಬೆಳೆಯುತ್ತಿದ್ದವು. ಒಂದಕ್ಕೆ ಹಲ್ಲು ಬೇಗ ಬಂದರೆ ಇನ್ನೊಂದಕ್ಕೆ ತಡವಾಗಿ ಬರುತ್ತಿತ್ತು, ಹೇಳುವವರು ಕೇಳುವವರು ಇರಲಿಲ್ಲ. ಮಗು ಸರಿಯಾಗಿ ಬೆಳೆಯುತ್ತಿದೆಯೇ ಎಂದು ವಿಚಾರಿಸುವ ಹೊಣೆಯೆಲ್ಲ ಅಕ್ಕಪಕ್ಕದ ಮನೆಯ ಹೆಂಗಸರ ಮೇಲೇ ಬಿದ್ದಿತ್ತು. ಅವರು ಸಂಬಳವಿಲ್ಲದೆ ಮನೆಮನೆಗೆ ಹೋಗಿ, "ನಿಮ್ಮದು ಇನ್ನೂ ಕೂತಿಲ್ವಾ?" ಎಂದು ಕೇಳಿ ತಾಯಂದಿರ ಹೊಟ್ಟೆ ಉರಿಸಿ ಬರುತ್ತಿದ್ದರು. ಇಷ್ಟು ಮುಖ್ಯವಾದ ಕೆಲಸವನ್ನು ಖಾಸಗಿಯವರ ಕೈಯಲ್ಲಿ ಬಿಡಬಾರದೆಂದು ಸರ್ಕಾರವೇ ಅದನ್ನು ವಹಿಸಿಕೊಂಡಿತು. ಈಗ ಬೆಳವಣಿಗೆಯ ಪ್ರತಿ ಹಂತಕ್ಕೂ ಒಂದು ಶಾಖೆ, ಪ್ರತಿ ಶಾಖೆಗೂ ಒಬ್ಬ ಅಧಿಕಾರಿ, ಪ್ರತಿ ಅಧಿಕಾರಿಗೂ ಒಂದು ಮೇಜು, ಒಂದು ಮೊಹರು.

ಮೊದಲ ಹುಟ್ಟುಹಬ್ಬದ ಸಂಜೆಯೊಳಗೆ ಎಲ್ಲ ಶಾಖೆಗಳ ಮೊಹರೂ ಬಿದ್ದಿದ್ದರೆ ಮಗುವಿಗೆ ಒಂದು ವರ್ಷ ತುಂಬಿತೆಂದು ಇಲಾಖೆ ಘೋಷಿಸುತ್ತದೆ. ಒಂದು ಮೊಹರು ಕಡಿಮೆಯಾದರೂ ತುಂಬಿಲ್ಲ. ಅಂಥ ಮಗು ಮತ್ತೆ ಮೊದಲಿನಿಂದ ಆರಂಭಿಸತಕ್ಕದ್ದು. ಅದನ್ನು ಅಂಗಾತ ಮಲಗಿಸಬೇಕು, ಎತ್ತಿಕೊಳ್ಳುವಾಗ ಕತ್ತಿಗೆ ಕೈ ಕೊಡಬೇಕು, ಹಾಲು ಬಿಟ್ಟು ಬೇರೇನೂ ಕೊಡಬಾರದು. ಇದಕ್ಕೆ ಪುನರಾರಂಭ ಎಂದು ಹೆಸರು.

ಮೊದಲ ಹಂತ ನಗು ಶಾಖೆ. ಮಗು ಆ ಶಾಖೆಯ ಗುಮಾಸ್ತರನ್ನು ನೋಡಿ ನಗಬೇಕು. ನಿದ್ದೆಯಲ್ಲಿ ನಕ್ಕಿದ್ದು, ಹೊಟ್ಟೆಯಲ್ಲಿ ವಾಯು ತುಂಬಿ ನಕ್ಕಿದ್ದು ಲೆಕ್ಕಕ್ಕಿಲ್ಲ. ಆ ಹುದ್ದೆಗೆ ಬಂದ ಗುಮಾಸ್ತರು ಹಿಂದೆ ಸ್ಮಶಾನಗಳ ವಿಭಾಗದಲ್ಲಿ ದೀರ್ಘ ಸೇವೆ ಸಲ್ಲಿಸಿದವರು. ಅವರ ಮುಖ ನೋಡಿ ಮಕ್ಕಳು ಅಳುತ್ತಿದ್ದವು. ಕೆಲವು ಮಕ್ಕಳ ಅಪ್ಪಂದಿರೂ ಅಳುತ್ತಿದ್ದರು. ತಾವು ಸ್ವಲ್ಪ ನಕ್ಕರೆ ಮಕ್ಕಳೂ ನಕ್ಕಾವು ಎಂದು ಒಬ್ಬ ತಾಯಿ ವಿನಂತಿಸಿಕೊಂಡಾಗ, ನಗುವುದು ಅರ್ಜಿದಾರರ ಕರ್ತವ್ಯವೆಂದೂ ತಮ್ಮ ಸೇವಾ ಷರತ್ತುಗಳಲ್ಲಿ ಅದು ಬರುವುದಿಲ್ಲವೆಂದೂ ಅವರು ಲಿಖಿತ ಉತ್ತರ ಕೊಟ್ಟರು.

ಊರಿನ ಒಬ್ಬ ದರ್ಜಿಯ ಮಗಳು ಮಾತ್ರ ನಕ್ಕಳು. ಗುಮಾಸ್ತರ ಪೆನ್ನಿನ ಮುಚ್ಚಳ ಅವರ ಚಹಾದ ಲೋಟಕ್ಕೆ ಬಿದ್ದು, ಅದನ್ನು ಎತ್ತಲು ಹೋಗಿ ಅವರು ಬೆರಳು ಸುಟ್ಟುಕೊಂಡಾಗ ಬೊಚ್ಚುಬಾಯಿ ಅಗಲಿಸಿ ಕೇಕೆ ಹಾಕಿ ನಕ್ಕಳು. ಅದು ತಮ್ಮನ್ನು ನೋಡಿ ನಕ್ಕಿದ್ದೋ, ತಮ್ಮ ಕಷ್ಟ ನೋಡಿ ನಕ್ಕಿದ್ದೋ ಎಂದು ಗುಮಾಸ್ತರು ಬಹಳ ಹೊತ್ತು ವಿಚಾರ ಮಾಡಿದರು. ಎರಡಕ್ಕೂ ಒಂದೇ ಮೊಹರಿದ್ದುದರಿಂದ ಕೊನೆಗೆ ಹಾಕಿದರು.

ದರ್ಜಿಯ ಅಂಗಡಿ ಅವನ ಮನೆಯ ಮುಂದಿನ ಕೋಣೆಯೇ. ಕಿಟಕಿಯ ಬಳಿ ಹೊಲಿಗೆ ಯಂತ್ರ, ಗೋಡೆಗೆ ಒರಗಿಸಿದ ಕತ್ತರಿಸುವ ಮೇಜು, ಅದರ ತುದಿಯಲ್ಲಿ ಸದಾ ಬಿಸಿಯಾಗಿರುವ ಇಸ್ತ್ರಿಪೆಟ್ಟಿಗೆ. ಮಗು ದುಂಡಗೆ, ಮುಟ್ಟಿದರೆ ಉರುಳಿಹೋಗುವಂತೆ ಇದ್ದುದರಿಂದ ಮನೆಯಲ್ಲಿ ಅವಳನ್ನು ಗುಂಡಿ ಎನ್ನುತ್ತಿದ್ದರು. ದರ್ಜಿ ಅಳತೆ ತೆಗೆಯದೆ ಬಟ್ಟೆಗೆ ಕತ್ತರಿ ಹಾಕಿದವನಲ್ಲ. ಎಲ್ಲಕ್ಕೂ ಒಂದು ಕ್ರಮವಿರಬೇಕೆಂದು ನಂಬಿದವನು. ಇಲಾಖೆ ಬಂದಾಗ ಊರಿನಲ್ಲಿ ಮನಸಾರೆ ಸ್ವಾಗತಿಸಿದ ಒಬ್ಬನೇ ಒಬ್ಬ ಅವನು.

ಅವನ ಹೆಂಡತಿ ಸಿಟಿ ಬಸ್ಸಿನ ಡ್ರೈವರು. ಅವಳ ಹೆರಿಗೆ ರಜೆ ಗುಂಡಿಯ ಮೊದಲ ಹುಟ್ಟುಹಬ್ಬಕ್ಕೆ ಮುಗಿಯುತ್ತಿತ್ತು. ಡಿಪೋದಲ್ಲಿ ನೌಕರರ ಮಕ್ಕಳನ್ನು ನೋಡಿಕೊಳ್ಳುವ ಶಿಶುಮನೆಯೊಂದಿದೆ, ಆದರೆ ಅಲ್ಲಿ ಒಂದು ವರ್ಷ ತುಂಬಿದೆಯೆಂದು ಇಲಾಖೆ ಹೇಳಿದ ಮಕ್ಕಳನ್ನು ಮಾತ್ರ ಸೇರಿಸಿಕೊಳ್ಳುತ್ತಾರೆ. ಮನೆಯಲ್ಲಿ ಬಿಡೋಣವೆಂದರೆ ಕತ್ತರಿ, ಸೂಜಿ, ಇಸ್ತ್ರಿಪೆಟ್ಟಿಗೆ. ದರ್ಜಿಯ ತಾಯಿಗೋ ಮಂಡಿನೋವು, ಮಗುವಿನ ಹಿಂದೆ ಓಡಲಾರಳು. ಗುಂಡಿಗೆ ಹೊತ್ತಿಗೆ ಸರಿಯಾಗಿ ಒಂದು ವರ್ಷ ತುಂಬದಿದ್ದರೆ ಅಮ್ಮನ ಬಸ್ಸು ಇನ್ನೊಬ್ಬರ ಕೈಗೆ ಹೋಗುತ್ತಿತ್ತು. ಅದನ್ನು ನೆನೆದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಆ ಬಸ್ಸಿನ ಗೇರು ಅವಳೊಬ್ಬಳ ಮಾತು ಮಾತ್ರ ಕೇಳುತ್ತಿತ್ತು.

ಕತ್ತು, ಬೋರಲು, ಕೂರುವುದು ಎಲ್ಲ ಸುಸೂತ್ರವಾಗಿ ಮುಗಿದವು. ಮಾತಿನ ಶಾಖೆಯಲ್ಲೂ ತೊಂದರೆಯಾಗಲಿಲ್ಲ. ಇಲಾಖೆಯ ಪಡಸಾಲೆಯಲ್ಲಿ ಕಾಯುತ್ತಲೇ ಬೆಳೆದಿದ್ದರಿಂದ ಆ ವರ್ಷ ಊರಿನ ಮಕ್ಕಳಲ್ಲಿ ಹೆಚ್ಚಿನವು 'ಅಮ್ಮ' ಎನ್ನುವ ಮೊದಲು 'ನಾಳೆ' ಎಂದವು. ಗುಂಡಿಯೂ ಹಾಗೇ ಅಂದಳು. ಉಚ್ಚಾರಣೆ ಸ್ಪಷ್ಟವಾಗಿದೆ, ಇಲಾಖೆಯ ಭಾಷೆಗೆ ಹತ್ತಿರವಾಗಿದೆ ಎಂದು ಶಾಖೆಯವರು ಮೆಚ್ಚಿಕೊಂಡು ಮೊಹರು ಹಾಕಿದರು.

ತೊಂದರೆ ಬಂದದ್ದು ಅಂಬೆಗಾಲಿನಲ್ಲಿ. ಬೇರೆ ಮಕ್ಕಳು ಮುಂದಕ್ಕೆ ಬಾಗಿ ಅಂಗೈ ಊರುವ ಹೊತ್ತಿಗೆ ಗುಂಡಿ ಒಂದು ಕಾಲು ಮಡಚಿ, ಇನ್ನೊಂದರಿಂದ ನೆಲವನ್ನು ತಳ್ಳುತ್ತ, ಕೂತಲ್ಲಿಂದಲೇ ಅಂಡಿನ ಮೇಲೆ ಜಾರಿಕೊಂಡು ಮನೆಯೆಲ್ಲ ಸುತ್ತತೊಡಗಿದಳು. ಇದರಲ್ಲಿ ಅವಳಿಗೆ ಎರಡೂ ಕೈ ಖಾಲಿ ಉಳಿಯುತ್ತಿತ್ತು. ದಾರಿಯಲ್ಲಿ ಸಿಕ್ಕ ದಾರದ ಉಂಡೆ, ಸೀಮೆಸುಣ್ಣ, ಗಿರಾಕಿಯ ಅಂಗಿಗೆ ಇನ್ನೂ ಜೋಡಿಸಬೇಕಾದ ಒಂದು ತೋಳು, ಎಲ್ಲವೂ ಅವಳ ಜೊತೆಗೇ ಪ್ರಯಾಣ ಮಾಡುತ್ತಿದ್ದವು. ಹೀಗೆ ಜಾರುತ್ತ ಜಾರುತ್ತ ಒಂದು ಬೆಳಿಗ್ಗೆ ಯಂತ್ರದ ಕಬ್ಬಿಣದ ಕಾಲು ಹಿಡಿದು ಎದ್ದು ನಿಂತಳು. ಗೂಟಕ್ಕೆ ನೇತುಹಾಕಿದ್ದ ಅಮ್ಮನ ಖಾಕಿ ಅಂಗಿಯನ್ನು ನೋಡಿದಳು, ಕೈ ಬಿಟ್ಟಳು, ನಡೆದುಕೊಂಡು ಹೋಗಿ ಅದನ್ನು ಹಿಡಿದಳು. ದರ್ಜಿಯ ಕಣ್ಣು ತುಂಬಿ ಬಂತು. ಸೂಜಿಗೆ ದಾರ ಪೋಣಿಸಲು ಆ ಬೆಳಿಗ್ಗೆಯೆಲ್ಲ ಅವನಿಂದ ಆಗಲಿಲ್ಲ.

ಅವನು ಅಂಗಡಿ ಮುಚ್ಚಿ ಮಗಳನ್ನು ಎತ್ತಿಕೊಂಡು ಸೀದಾ ಇಲಾಖೆಯ ನಡಿಗೆ ಶಾಖೆಗೆ ಹೋದ. ಅಲ್ಲಿಯವರು ಹಿಂದಿನ ಮೊಹರು ಎಲ್ಲಿ ಎಂದು ಕೇಳಿ ಅವನನ್ನು ಅಂಬೆಗಾಲು ಶಾಖೆಗೆ ಕಳಿಸಿದರು. ಅಂಬೆಗಾಲು ಶಾಖೆಯ ಅಧಿಕಾರಿ ಸೌಮ್ಯ ಮನುಷ್ಯ. ಮೇಜಿನ ಮೇಲಿನ ಗಾಜನ್ನು ಕರವಸ್ತ್ರದಿಂದ ಒರೆಸುತ್ತಲೇ ಮಾತಾಡುತ್ತಿದ್ದರು.

"ಅಂಬೆಗಾಲು ಬಾಕಿ ಇದೆಯಲ್ಲ," ಎಂದರು.

"ಅವಳು ನಡೀತಾನೇ ಇದಾಳೆ ಸಾರ್. ನೋಡಿ, ನಿಮ್ಮ ಮೇಜು ಹಿಡ್ಕೊಂಡು ನಿಂತಿದಾಳೆ."

ಅಧಿಕಾರಿ ನೋಡಲಿಲ್ಲ. "ನಾನು ನೋಡೋ ಹಾಗಿಲ್ಲ. ನಡಿಗೆ ನೋಡೋಕೆ ನಡಿಗೆ ಶಾಖೆ ಇದೆ. ನಾನು ನೋಡಿಬಿಟ್ರೆ ಅವರ ಕೆಲಸದಲ್ಲಿ ಕೈ ಹಾಕಿದ ಹಾಗಾಗತ್ತೆ."

"ಅಂಬೆಗಾಲಿಡೋದೇ ನಡೆಯೋದು ಕಲಿಯೋಕಲ್ವಾ ಸಾರ್? ಈಗ ನಡೆದಾಯ್ತಲ್ಲ."

"ನೀವು ಹಾಗೆ ತಿಳ್ಕೊಂಡಿದೀರಿ. ಪಾಪ, ಎಲ್ಲರೂ ಹಾಗೇ ತಿಳ್ಕೊಳ್ತಾರೆ," ಎಂದು ಅಧಿಕಾರಿ ಕರುಣೆಯಿಂದ ಹೇಳಿ, ಮಗು ಅನುಮತಿಯಿಲ್ಲದೆ ನಡೆಯುತ್ತಿದೆ ಎಂಬುದನ್ನು ಬರೆದುಕೊಡುವಂತೆ ಕೇಳಿದರು. ದರ್ಜಿ ಕ್ರಮಕ್ಕೆ ಬೆಲೆ ಕೊಡುವವನಾದ್ದರಿಂದ ಬರೆದುಕೊಟ್ಟ.

ಎರಡು ದಿನ ಬಿಟ್ಟು ಇಲಾಖೆಯ ಜವಾನ ಗುಂಡಿಯ ಹೆಸರಿಗೆ ನೋಟಿಸು ತಂದ. "ತಾವು ಅನಧಿಕೃತವಾಗಿ ನಡೆಯುತ್ತಿರುವುದು ಇಲಾಖೆಯ ಗಮನಕ್ಕೆ ಬಂದಿರುತ್ತದೆ. ಇದು ತಲುಪಿದ ಕೂಡಲೇ ತಾವು ನಡೆಯುವುದನ್ನು ನಿಲ್ಲಿಸಿ ಕೆಳಗೆ ಕೂರತಕ್ಕದ್ದು. ತಪ್ಪಿದಲ್ಲಿ ತಮ್ಮನ್ನು ಪುನರಾರಂಭಕ್ಕೆ ಏಕೆ ಒಳಪಡಿಸಬಾರದು ಎಂಬುದಕ್ಕೆ ಸಮಜಾಯಿಷಿ ನೀಡತಕ್ಕದ್ದು." ನೋಟಿಸನ್ನು ಖುದ್ದಾಗಿ ಕೊಡಬೇಕೆಂಬ ನಿಯಮವಿದ್ದುದರಿಂದ ಜವಾನ ಬಗ್ಗಿ ಅವಳ ಕೈಗೇ ಕೊಟ್ಟ. ಗುಂಡಿ ಅದನ್ನು ಬಾಯಿಗೆ ಹಾಕಿಕೊಂಡಳು. ನೋಟಿಸು ತಲುಪಿದೆ, ಅರ್ಧದಷ್ಟು ಒಳಗೂ ಹೋಗಿದೆ ಎಂದು ಜವಾನ ವರದಿ ಮಾಡಿದ.

ಅಂದಿನಿಂದ ಮನೆಯವರೆಲ್ಲ ಗುಂಡಿಯನ್ನು ಮಂಡಿಯ ಮೇಲೆ ತರಲು ಟೊಂಕ ಕಟ್ಟಿ ನಿಂತರು. ಇಲಾಖೆಯ ಎದುರು ಬದಿಯಲ್ಲಿ ಅಂಬೆಗಾಲು ಅಧಿಕಾರಿಯ ಭಾವಮೈದುನ ಒಂದು ತರಬೇತಿ ಕೇಂದ್ರ ತೆರೆದಿದ್ದ. "ನಡೆಯುವವರನ್ನು ಇಲ್ಲಿ ಮಂಡಿಗೆ ತರಲಾಗುವುದು" ಎಂದು ಬೋರ್ಡು ಹಾಕಿದ್ದ. ಒಳಗೆ ಸಾಲಾಗಿ ತಗ್ಗು ಮೇಜುಗಳು. ಮಕ್ಕಳು ಅವುಗಳ ಅಡಿಯಲ್ಲಿ ನುಸುಳಿ ಆಚೆಗಿನ ಗಿಲಕಿ ಮುಟ್ಟಬೇಕು. ಗುಂಡಿ ಮೇಜುಗಳನ್ನು ಬಳಸಿಕೊಂಡು ನಡೆದುಹೋಗಿ ಗಿಲಕಿ ತೆಗೆದುಕೊಂಡು, ಮೇಜಿನ ಅಡಿಯಲ್ಲಿ ಸಿಕ್ಕಿಕೊಂಡಿದ್ದ ಇನ್ನೊಂದು ಮಗುವಿಗೆ ಕೊಟ್ಟು ಬಂದಳು. ಮಗುವಿಗೆ ಮುಂದೆ ಹೋಗಬೇಕೆಂಬ ಆಸೆ ಜಾಸ್ತಿ, ಈ ವಯಸ್ಸಿಗೆ ಅದು ಒಳ್ಳೆಯದಲ್ಲ ಎಂದು ಭಾವಮೈದುನ ಎಚ್ಚರಿಸಿದ. ಶುಲ್ಕವನ್ನು ಮಾತ್ರ ವಾಪಸು ಕೊಡಲಿಲ್ಲ.

ಮನೆಯಲ್ಲಿ ಮಾಡಿ ತೋರಿಸೋಣವೆಂದು ದರ್ಜಿ ನೆಲಕ್ಕಿಳಿದ. ಅವನ ಹೆಂಡತಿ ಇಳಿದಳು. ಮಂಡಿನೋವಿನ ಅಜ್ಜಿಯೂ ಗೊಣಗುತ್ತ ಇಳಿದಳು. ಮೂವರೂ ಕತ್ತರಿಸುವ ಮೇಜನ್ನು ಸುತ್ತು ಹಾಕುತ್ತಿದ್ದರೆ ಗುಂಡಿ ನಡುವೆ ನಿಂತು ಚಪ್ಪಾಳೆ ತಟ್ಟಿದಳು. ಬಟ್ಟೆ ಕೊಡಲು ಬಂದ ಗಿರಾಕಿಗಳು ಯಾಕೆ ಏನು ಎಂದು ಕೇಳದೆ ತಾವೂ ಮಂಡಿಯೂರಿ ಅಳತೆ ಕೊಟ್ಟು ಹೋಗುತ್ತಿದ್ದರು.

ಇದೇ ಹೊತ್ತಿಗೆ ದರ್ಜಿಯ ತಮ್ಮನ ಮನೆಯಿಂದ ಸುದ್ದಿ ಬಂತು. ತಮ್ಮ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು. ಅವನ ಮಗ ಮೊಂಡ ಹುಟ್ಟಿದ್ದು ಗುಂಡಿಗಿಂತ ಒಂದೂವರೆ ತಿಂಗಳು ತಡವಾಗಿ. ಆದರೆ ಮೇಷ್ಟ್ರು ತೊಟ್ಟಿಲ ಪಕ್ಕದಲ್ಲಿ ಸೀಟಿ ಊದಿ ಅವನನ್ನು ಬೆಳೆಸಿದ್ದ. ಸೀಟಿ ಊದಿದರೆ ಬೋರಲು, ಸೀಟಿ ಊದಿದರೆ ಅಂಬೆಗಾಲು, ಸೀಟಿ ಊದಿದರೆ ನಡಿಗೆ. ಎಲ್ಲ ಮೊಹರುಗಳನ್ನೂ ಗೆದ್ದ ಆ ಮಗುವಿಗೆ ಹುಟ್ಟುಹಬ್ಬಕ್ಕೆ ಕಾಯದೆ ಅವಧಿಪೂರ್ವವಾಗಿಯೇ ಒಂದು ವರ್ಷ ತುಂಬಿತೆಂದು ಇಲಾಖೆ ಘೋಷಿಸಿತು. ಅವಧಿಗೆ ಮೊದಲಾಗಲಿ ಅವಧಿಗೆ ಸರಿಯಾಗಲಿ, ಊರಿನಲ್ಲಿ ಹಾಗೆ ಘೋಷಿತವಾದ ಮೊದಲ ಮನುಷ್ಯ ಅವನೇ. ನಿರ್ದೇಶಕರು ಅವನ ಜೊತೆ ಫೋಟೋ ತೆಗೆಸಿಕೊಂಡರು.

ಇದರಿಂದ ಮನೆಯಲ್ಲಿ ಒಂದು ಸೂಕ್ಷ್ಮವಾದ ಪರಿಸ್ಥಿತಿ ಬಂದೊದಗಿತು. ಮೊಂಡ ಈಗ ಗುಂಡಿಗಿಂತ ದೊಡ್ಡವನು. ಮೇಷ್ಟ್ರು ಮಗನನ್ನು ಎತ್ತಿಕೊಂಡು ಬಂದು, ಇನ್ನು ಮುಂದೆ ಗುಂಡಿ ಇವನನ್ನು ಅಣ್ಣ ಎನ್ನತಕ್ಕದ್ದೆಂದು ತಿಳಿಸಿದ. ದರ್ಜಿಯ ಹೆಂಡತಿ ಬಸ್ಸಿನ ಹಾರ್ನಿನಂಥ ಧ್ವನಿಯಲ್ಲಿ, ಹಾಗಾದರೆ ನಿಮ್ಮ ಹೆಂಡತಿ ನನಗೆ ಅಕ್ಕ ಆಗಬೇಕೇನು ಎಂದು ಕೇಳಿದಳು. ಇಬ್ಬರು ಮೊಮ್ಮಕ್ಕಳನ್ನೂ ಒಂದೇ ಸಮನಾಗಿ ಕಾಣುತ್ತಿದ್ದ ಅಜ್ಜಿ ಅಂದು ಊಟ ಮಾಡದೆ ಮಲಗಿದಳು. ಹುಟ್ಟುಹಬ್ಬ ಹತ್ತಿರ ಬರುತ್ತಿತ್ತು. ದರ್ಜಿ ಮಗಳ ಮುಖ ನೋಡುವಾಗಲೆಲ್ಲ, ಕತ್ತಿಗೆ ಕೈ ಕೊಟ್ಟು ಅಂಗಾತ ಮಲಗಿಸಿದರೆ ಇವಳು ಸುಮ್ಮನಿರುತ್ತಾಳೆಯೇ ಎಂದು ಹೆದರುತ್ತಿದ್ದ.

ಕೊನೆಗೆ ಹೆಂಡತಿಯೇ ಇಲಾಖೆಗೆ ನುಗ್ಗಿದಳು. ಖಾಕಿ ಅಂಗಿ ಹಾಕಿಕೊಂಡೇ ಹೋಗಿ ಅಂಬೆಗಾಲು ಅಧಿಕಾರಿಯ ಮೇಜಿನ ಗಾಜಿನ ಮೇಲೆ ಎರಡೂ ಕೈ ಊರಿದಳು.

"ಸಹಿ ಹಾಕೋಕೆ ಬರದ ಮಗು ಪರವಾಗಿ ಅಪ್ಪ ಸಹಿ ಹಾಕ್ತಾನೆ, ಹೌದೋ ಅಲ್ವೋ?"

"ಹೌದು," ಎಂದರು ಅಧಿಕಾರಿ.

"ಅಂಬೆಗಾಲಿಡೋಕೆ ಬರದ ಮಗು ಪರವಾಗಿ ಅಪ್ಪ ಅಂಬೆಗಾಲಿಡಬಾರದು ಅಂತ ಎಲ್ಲಿದೆ?"

ಅವಳು ಸಿಟ್ಟಿನಿಂದ ಅಂದದ್ದು. ಅಧಿಕಾರಿ ಗಾಜು ಒರೆಸುವುದನ್ನು ನಿಲ್ಲಿಸಿದರು. ಹಾಗೆ ಎಲ್ಲೂ ಇರಲಿಲ್ಲ. ಅವರು ಎದ್ದು ನಿರ್ದೇಶಕರ ಕೋಣೆಗೆ ಹೋದರು, ಬಂದರು, ಮತ್ತೆ ಹೋದರು. ವಾರ ಕಳೆಯುವುದರಲ್ಲಿ ಗೋಡೆಯ ಮೇಲೆ ಪ್ರಕಟಣೆ ಬಿತ್ತು.

"ಯಾವುದೇ ಶಿಶುವು ಯಾವುದೇ ಹಂತವನ್ನು ನಿರ್ವಹಿಸಲು ವಿಫಲವಾದಲ್ಲಿ ಅಥವಾ ಉದ್ದೇಶಪೂರ್ವಕವಾಗಿ ದಾಟಿಹೋದಲ್ಲಿ, ಸದರಿ ಹಂತವನ್ನು ಅದರ ಪೋಷಕರು ಶಿಶುವಿನ ಪರವಾಗಿ ಸಕ್ಷಮ ಅಧಿಕಾರಿಯ ಸಮ್ಮುಖದಲ್ಲಿ ನಿರ್ವಹಿಸಬಹುದಾಗಿದೆ. ಪೋಷಕರು ನಿರ್ವಹಣೆಯ ವೇಳೆ ಶಿಶುಸಹಜವಾಗಿ ವರ್ತಿಸತಕ್ಕದ್ದು."

ಊರಿಗೆ ಊರೇ ನೆಮ್ಮದಿಯ ನಿಟ್ಟುಸಿರು ಬಿಟ್ಟಿತು. ಮರುದಿನದಿಂದಲೇ ಪಡಸಾಲೆಯಲ್ಲಿ ಒಬ್ಬ ದಪ್ಪ ಬ್ಯಾಂಕ್ ಮ್ಯಾನೇಜರು ಮಗನ ಪರವಾಗಿ ಬೋರಲು ಬೀಳುತ್ತ, ಅಂಗಾತವಾಗುತ್ತ ಗೋಡೆಯಿಂದ ಗೋಡೆಗೆ ಉರುಳುತ್ತಿದ್ದರು. ಹಲ್ಲಿನ ಶಾಖೆಯಲ್ಲಿ ಒಬ್ಬ ತಾತ ಮೊಮ್ಮಗಳ ಪರವಾಗಿ ಬಂದು ಕಟ್ಟಿಸಿದ ಹಲ್ಲನ್ನು ತೆಗೆದು ಮೇಜಿನ ಮೇಲೆ ಇಟ್ಟ. ಹಲ್ಲು ಬಂದಿರುವುದು ನಿಜ, ಆದರೆ ಬಾಯಿಯಿಂದ ಹೊರಗೆ ಬಂದಿದೆ ಎಂದು ಅಲ್ಲಿಯವರು ಆಕ್ಷೇಪ ಬರೆದರು.

ಗುಂಡಿಯ ಹುಟ್ಟುಹಬ್ಬದ ಬೆಳಿಗ್ಗೆ ದರ್ಜಿ ಮಂಡಿಗೆ ದಪ್ಪ ಬಟ್ಟೆಯ ತೇಪೆ ಹೊಲಿದ ಪ್ಯಾಂಟು ತೊಟ್ಟು ಮನೆಯ ಹೊಸ್ತಿಲಿನಿಂದಲೇ ಅಂಬೆಗಾಲಿಡುತ್ತ ಹೊರಟ. ಇಲಾಖೆಯಲ್ಲಿ ಇಟ್ಟರೆ ಸಾಕಿತ್ತು. ಮಗಳ ವಿಷಯದಲ್ಲಿ ಕಡಿಮೆ ಬೀಳಬಾರದೆಂದು ಅವನೇ ಹಾಗೆ ತೀರ್ಮಾನಿಸಿದ್ದ. ಗುಂಡಿ ಅವನ ಬೆನ್ನೇರಿ ಕೂತು, ಅವನ ಕೊರಳಿನ ಅಳತೆಪಟ್ಟಿಯನ್ನು ಲಗಾಮಿನಂತೆ ಹಿಡಿದುಕೊಂಡಳು. ಹೆಂಡತಿಯೂ ಅಜ್ಜಿಯೂ ಹಿಂದೆ ನಡೆದರು. ದಾರಿಯಲ್ಲಿ ಒಬ್ಬ ಗಿರಾಕಿ ಪಕ್ಕದಲ್ಲೇ ನಡೆಯುತ್ತ ತನ್ನ ಪ್ಯಾಂಟು ಯಾವಾಗ ಸಿಗುತ್ತದೆಂದು ಕೇಳಿ ತಿಳಿದುಕೊಂಡ. ನಾಲ್ಕು ರಸ್ತೆ ಸೇರುವಲ್ಲಿ ಪೊಲೀಸಿನವನು ವಾಹನಗಳನ್ನು ತಡೆದು, "ಮಗೂಗಾ? ಹೋಗಿ, ನಿಧಾನಕ್ಕೆ ಹೋಗಿ," ಎಂದ. ಅವನ ಮಗುವಿನದೂ ಬೋರಲು ಶಾಖೆಯಲ್ಲಿ ಸಿಕ್ಕಿಕೊಂಡಿತ್ತು.

ಅಧಿಕಾರಿ ಮೇಜಿನ ಈಚೆಗೆ ಬಂದು ದರ್ಜಿಯ ಅಂಬೆಗಾಲನ್ನು ಸೂಕ್ಷ್ಮವಾಗಿ ಪರೀಕ್ಷಿಸಿದರು. ಬಲಗೈಗೆ ಎಡಮಂಡಿ, ಎಡಗೈಗೆ ಬಲಮಂಡಿ, ಎಲ್ಲ ನಿಯಮದ ಪ್ರಕಾರವೇ ಇತ್ತು. ತುಂಬ ಚೆನ್ನಾಗಿದೆ, ಇಷ್ಟು ಅಚ್ಚುಕಟ್ಟಾದ ಅಂಬೆಗಾಲು ಮಕ್ಕಳಲ್ಲೂ ನೋಡಿಲ್ಲ ಎಂದು ಹೊಗಳಿದರು. ಮೊಹರನ್ನು ಕೈಗೆ ತೆಗೆದುಕೊಂಡರು. ಆಮೇಲೆ ಏನೋ ಹೊಳೆದವರಂತೆ ನಿಂತರು.

"ನಿಮ್ಮ ಸ್ವಂತದ್ದು ಮುಗಿದಿದೆ ತಾನೆ?"

"ನಂದಾ ಸಾರ್?"

"ಮುಗಿದಿಲ್ಲಾಂದ್ರೆ ಈಗ ಇಟ್ಟಿದ್ದು ನಿಮ್ಮ ಲೆಕ್ಕಕ್ಕೇ ಹೋಗತ್ತೆ, ಮಗಳದ್ದಕ್ಕೆ ಬರಲ್ಲ. ನೀವು ಚಿಕ್ಕವರಿದ್ದಾಗ ಅಂಬೆಗಾಲಿಟ್ಟಿದ್ದು ನೋಡಿದವರು ಯಾರಾದ್ರೂ ಇದಾರಾ?"

ಇದ್ದರು. ದರ್ಜಿ ಧೈರ್ಯದಿಂದ ತಾಯಿಯನ್ನು ತೋರಿಸಿದ. ಅಜ್ಜಿ ಜೀವಮಾನದಲ್ಲಿ ಒಂದು ಸುಳ್ಳೂ ಹೇಳಿದವಳಲ್ಲ. ಅವಳ ಮನೆಯವರು ಪಟ್ಟ ಕಷ್ಟಗಳಲ್ಲಿ ಬಹುಪಾಲು ಅದರಿಂದಲೇ ಬಂದವು.

"ಇವನೆಲ್ಲಿ ಅಂಬೆಗಾಲಿಟ್ಟ?" ಎಂದಳು ಅಜ್ಜಿ. "ಇವನೂ ಅಂಡಿನ ಮೇಲೇ ಜಾರ್‍ತಿದ್ದ. ಅದು ಇನ್ಯಾರ ಹಾಗೆ ಅಂದ್ಕೊಂಡ್ರಿ? ಅಪ್ಪನ ಪಡಿಯಚ್ಚು."

ದರ್ಜಿಗೆ ಒಂದು ಕ್ಷಣ ಬಹಳ ಸಂತೋಷವಾಯಿತು. ಮಗಳು ಅಮ್ಮನ ಹಾಗೆ ಎಂದೇ ಎಲ್ಲರೂ ಹೇಳುತ್ತಿದ್ದರು. ಅಷ್ಟರಲ್ಲಿ ಅಧಿಕಾರಿ ಬರೆದುಕೊಂಡಾಗಿತ್ತು: ದರ್ಜಿಗೆ ಇನ್ನೂ ಒಂದು ವರ್ಷ ತುಂಬಿಲ್ಲ. ಒಂದು ವರ್ಷ ತುಂಬದವನು ಪೋಷಕನಾಗಲಾರ. ಆದ್ದರಿಂದ ಮಗುವಿನ ಅಂಬೆಗಾಲು ಹಾಗೇ ಉಳಿದಿದೆ, ಜೊತೆಗೆ ಅಪ್ಪನೂ ಇಷ್ಟು ವರ್ಷ ಅನಧಿಕೃತವಾಗಿ ನಡೆದಿದ್ದಾನೆ.

ದರ್ಜಿ ನೆಲದ ಮೇಲೇ ಉಳಿದ. ಏಳಬಹುದೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಸಂಜೆಯಾದರೆ ಪುನರಾರಂಭ. ಅವನ ಹೆಂಡತಿ ಕಣ್ಣೀರು ಒರೆಸಿಕೊಂಡು, ಬಹಳ ಮೆಲ್ಲಗೆ, "ನಿಮ್ಮದು ಮುಗಿದಿದೆಯಾ ಸಾರ್?" ಎಂದು ಅಧಿಕಾರಿಯನ್ನು ಕೇಳಿದಳು.

ಅಧಿಕಾರಿ ನಕ್ಕರು. ಆದರೆ ಇಲಾಖೆಯಲ್ಲಿ ಒಮ್ಮೆ ಎದ್ದ ಪ್ರಶ್ನೆಯನ್ನು ಉತ್ತರವಿಲ್ಲದೆ ಬಿಡುವಂತಿಲ್ಲ. ತಮ್ಮ ತಾಯಿಗೆ ಫೋನು ಮಾಡಿದರು. ಆ ಕಡೆಯಿಂದ ತಾಯಿ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ, ಅವನನ್ನು ನೆಲಕ್ಕೆ ಬಿಟ್ಟವರೇ ಇಲ್ಲವೆಂದೂ, ಐದು ಜನ ಅತ್ತೆಯಂದಿರು ಸೊಂಟದಿಂದ ಸೊಂಟಕ್ಕೆ ದಾಟಿಸಿ ಬೆಳೆಸಿದರೆಂದೂ ಹೆಮ್ಮೆಯಿಂದ ಹೇಳಿದಳು. ಅಧಿಕಾರಿ ಫೋನು ಇಟ್ಟರು. ಕುರ್ಚಿಯ ತೋಳು ಹಿಡಿದುಕೊಂಡು ಮೆಲ್ಲಗೆ ಕೆಳಗಿಳಿದು ನೆಲದ ಮೇಲೆ ದರ್ಜಿಯ ಪಕ್ಕದಲ್ಲಿ ಕೂತರು.

ಸುದ್ದಿ ಮಹಡಿಯಿಂದ ಮಹಡಿಗೆ ಹೋಯಿತು. ಅಲ್ಲಿದ್ದ ಯಾರ ಬೆಳವಣಿಗೆಗೂ ಮೊಹರು ಬಿದ್ದಿರಲಿಲ್ಲ. ಅವರೆಲ್ಲ ಬೆಳೆಯುವ ಕಾಲಕ್ಕೆ ಇಲಾಖೆಯೇ ಇರಲಿಲ್ಲ. ನಗು ಶಾಖೆಯ ಗುಮಾಸ್ತರಂತೂ ತಾವು ಮೊದಲ ಹಂತವನ್ನೇ ದಾಟಿಲ್ಲವೆಂದು ಒಪ್ಪಿಕೊಂಡರು. ನಿರ್ದೇಶಕರು ತಮ್ಮ ಕೋಣೆಯಿಂದ ಮಂಡಿಯೂರಿಕೊಂಡು ಹೊರಬಂದು, ಒಂದು ವರ್ಷ ತುಂಬದವರು ಸರ್ಕಾರಿ ಹುದ್ದೆಯಲ್ಲಿರುವುದು ಸರಿಯಲ್ಲವಾದ್ದರಿಂದ, ಊರಿನಲ್ಲಿ ಒಂದು ವರ್ಷ ತುಂಬಿದ ಹಿರಿಯರು ಯಾರಿದ್ದಾರೋ ಅವರಿಗೆ ಅಧಿಕಾರ ವಹಿಸಿಕೊಡುವುದಾಗಿ ತಿಳಿಸಿದರು. ಅಂಥವರು ಒಬ್ಬರೇ ಇದ್ದರು.

ಮಧ್ಯಾಹ್ನದ ನಿದ್ದೆ ಮುಗಿಸಿ ಎದ್ದ ಮೊಂಡನನ್ನು ಮೇಷ್ಟ್ರು ಕರೆತಂದ. ನಿರ್ದೇಶಕರ ಕುರ್ಚಿಯ ಮೇಲೆ ಮೂರು ದಿಂಬು ಇಟ್ಟು ಕೂರಿಸಿದರು. ಇಲಾಖೆಯ ಸಿಬ್ಬಂದಿಯೆಲ್ಲ ನೆಲದ ಮೇಲಿಂದ ಅವನಿಗೆ ನಮಸ್ಕರಿಸಿ, ಅಣ್ಣಾವ್ರೇ ಎಂದು ಸಂಬೋಧಿಸಿದರು. ಅಜ್ಜಿಯೊಬ್ಬಳು ಮಾತ್ರ ನಮಸ್ಕರಿಸದೆ ಅವನ ಮೂಗು ಒರೆಸಿದಳು. ಮೊಂಡ ಮೊಹರನ್ನು ಎರಡೂ ಕೈಯಲ್ಲಿ ಹಿಡಿದು, ಮೊದಲು ಚೀಪಿ ನೋಡಿ, ಆಮೇಲೆ ಕೈಗೆ ಎಟುಕಿದ್ದಕ್ಕೆಲ್ಲ ಒತ್ತತೊಡಗಿದ. ತಿಂಗಳುಗಟ್ಟಲೆ ಕೊಳೆಯುತ್ತಿದ್ದ ಅರ್ಜಿಗಳು ಅರ್ಧ ಗಂಟೆಯಲ್ಲಿ ಮುಗಿದವು. ಬ್ಯಾಂಕ್ ಮ್ಯಾನೇಜರು ಉರುಳುವುದನ್ನು ನಿಲ್ಲಿಸಿ ಆನಂದದಿಂದ ಎದ್ದು ಕೂತರು.

ಗುಂಡಿಯ ಸರದಿ ಬಂದಾಗ ಮೊಂಡ ಹಟ ಹಿಡಿದ. ಮೊಹರು ಕೆಳಗಿಡಲಿಲ್ಲ, ಒತ್ತಲೂ ಇಲ್ಲ, ಕೆಂಪಗಾಗಿ ಕೂಗಿದ. ಮೇಷ್ಟ್ರು ಸೀಟಿ ಊದಿದರೆ ಅಳು ಇನ್ನೂ ಏರಿತು. ಕಿಟಕಿಯ ಆಚೆ ಬೆಳಕು ಕಂದುತ್ತಿತ್ತು. ದರ್ಜಿ ಮಂಡಿಯ ಮೇಲೆ ಮುಂದೆ ಹೋಗಿ ತಮ್ಮನ ಮಗನಿಗೆ ಕೈಮುಗಿದ. ಹೆಂಡತಿ ಖಾಕಿ ಅಂಗಿಯ ತುದಿಯನ್ನು ಹಿಂಡುತ್ತ ನಿಂತಳು.

ಆಗ ಗುಂಡಿ ಅಪ್ಪನ ಬೆನ್ನಿನಿಂದ ಇಳಿದಳು. ನೆಲದ ಮೇಲೆ ಹರಡಿಕೊಂಡಿದ್ದ ಇಲಾಖೆಯವರ ನಡುವೆ ದಾರಿ ಮಾಡಿಕೊಂಡು, ಅನುಮತಿಯಿಲ್ಲದೆ, ಒಬ್ಬಳೇ ನಡೆದು ಕುರ್ಚಿಯ ಹತ್ತಿರ ಹೋದಳು. ತಾನು ಚೀಪುತ್ತಿದ್ದ ಒದ್ದೆ ಬಿಸ್ಕತ್ತನ್ನು ಹೊಸ ಅಧಿಕಾರಿಗಳ ಬಾಯಿಗೆ ಇಟ್ಟಳು. ಅಧಿಕಾರಿಗಳು ಅದನ್ನು ತಿಂದರು, ನಕ್ಕರು, ಮೊಹರನ್ನು ಅವಳ ಹಣೆಯ ಮೇಲೆ ಒತ್ತಿದರು. ಇಲಾಖೆಯಲ್ಲಿ ಹಾಗೆ ಕೆಲಸವಾದದ್ದು ಅದೇ ಮೊದಲೇನಲ್ಲ, ಆದರೆ ಎಲ್ಲರ ಎದುರಿಗೆ ಆದದ್ದು ಅದೇ ಮೊದಲು.

ಗುಂಡಿಗೆ ಒಂದು ವರ್ಷ ತುಂಬಿತು. ದರ್ಜಿಯ ಹೆಂಡತಿ ಮಗಳನ್ನು ಎತ್ತಿಕೊಂಡು ಅತ್ತಳು, ಮರುದಿನ ಬೆಳಿಗ್ಗೆ ಬಸ್ಸು ಹತ್ತಿದಳು. ಬಸ್ಸಿನ ಗೇರು ಮೊದಲ ಸಲಕ್ಕೇ ಬಿತ್ತು.

ಊರು ಈಗ ನೆಮ್ಮದಿಯಾಗಿದೆ. ಹೊಸ ಅಧಿಕಾರಿಗಳ ಬಗ್ಗೆ ಜನರಲ್ಲಿ ಒಳ್ಳೆಯ ಅಭಿಪ್ರಾಯವಿದೆ. ಹಸಿವಾದರೆ ಮಾತ್ರ ಕೂಗುತ್ತಾರೆ, ನಿದ್ದೆ ಬಂದರೆ ಮನೆಗೆ ಹೋಗುತ್ತಾರೆ, ಯಾರ ಮೇಲೂ ಸಿಟ್ಟು ಇಟ್ಟುಕೊಳ್ಳುವುದಿಲ್ಲ. ಹಳೆಯ ಸಿಬ್ಬಂದಿ ತಮ್ಮ ತಮ್ಮ ಶಾಖೆಗಳಲ್ಲಿ ನೆಲದ ಮೇಲೇ ಕೂತು ಕೆಲಸ ಮಾಡುತ್ತಾರೆ. ಅವರ ಅನುಕೂಲಕ್ಕೆ ಮೇಜುಗಳ ಕಾಲು ಕತ್ತರಿಸಲಾಗಿದೆ. ಮಂಡಿಗೆ ತೇಪೆ ಹಾಕಿಸುವವರು ಹೆಚ್ಚಾಗಿ ದರ್ಜಿಗೆ ಕೈತುಂಬ ಕೆಲಸ.

ದರ್ಜಿಯದು ಮಾತ್ರ ಇನ್ನೂ ನಡೆಯುತ್ತಿದೆ. ಅವನಿಗೂ ಒಂದು ವರ್ಷ ತುಂಬಬೇಕು, ಅದಕ್ಕೆ ಅವನ ಜೊತೆ ಒಂದು ವರ್ಷ ತುಂಬಿದ ಪೋಷಕರು ಬರಬೇಕು. ಮನೆಯಲ್ಲಿ ಅಂಥವರು ಗುಂಡಿಯೊಬ್ಬಳೇ. ಶಿಶುಮನೆಗೆ ರಜೆಯಿದ್ದ ದಿನ ಅವಳು ಅಪ್ಪನನ್ನು ಇಲಾಖೆಗೆ ಕರೆದುಕೊಂಡು ಹೋಗುತ್ತಾಳೆ. ಅವಳು ಮುಂದೆ ನಡೆಯುತ್ತಾಳೆ, ಅವನು ಪಕ್ಕದಲ್ಲಿ ಅಂಬೆಗಾಲಿಡುತ್ತಾನೆ; ರಸ್ತೆ ದಾಟುವಲ್ಲಿ ಅವಳು ನಿಂತು ಅವನ ಕಿವಿ ಹಿಡಿದುಕೊಳ್ಳುತ್ತಾಳೆ.

ಮೊನ್ನೆ ಸರದಿ ಬರುವುದು ತಡವಾಯಿತು. ಗುಂಡಿ ಸ್ವಲ್ಪ ಹೊತ್ತು ನಿಂತಳು, ಆಕಳಿಸಿದಳು, ಅಪ್ಪನ ಮಡಿಲಲ್ಲಿ ಕೂತಳು, ಅಲ್ಲೇ ಒರಗಿ ನಿದ್ದೆ ಹೋದಳು. ಅಂಬೆಗಾಲು ಅಧಿಕಾರಿ ಮೊಟಕಾದ ಮೇಜಿನ ಮೇಲಿಂದ ದರ್ಜಿಯ ಹೆಸರು ಕೂಗಿದರು.

"ಪೋಷಕರು ಬಂದಿದಾರಾ?"

"ಬಂದಿದಾರೆ ಸಾರ್," ಎಂದ ದರ್ಜಿ, ಅಲ್ಲಾಡದೆ. "ಮಲಗಿದಾರೆ."

ಅಧಿಕಾರಿ ತುಟಿಯ ಮೇಲೆ ಬೆರಳಿಟ್ಟು ಸುತ್ತ ನೋಡಿದರು. ಉರುಳುತ್ತಿದ್ದವರು ಉರುಳುವುದನ್ನು ನಿಲ್ಲಿಸಿದರು, ಅಂಬೆಗಾಲಿಡುತ್ತಿದ್ದವರು ಎತ್ತಿದ ಕೈಯನ್ನು ಮೆಲ್ಲಗೆ ನೆಲಕ್ಕಿಟ್ಟರು. ಜವಾನ ತೆವಳಿಕೊಂಡು ಹೋಗಿ ಫ್ಯಾನಿನ ವೇಗ ಕಡಿಮೆ ಮಾಡಿದ. ಗುಂಡಿ ಏಳುವವರೆಗೆ ಇಲಾಖೆಯಲ್ಲಿ ಯಾರೂ ಮಾತಾಡಲಿಲ್ಲ.